ನಿಜವಾಗಲೂ ಸೊನ್ನೆ ಬಂದಿದ್ದರೆ?

2019ರ ಏಪ್ರಿಲ್ 18ರಂದು ತೆಲಂಗಾಣದ ಇಂಟರ್‌ಮೀಡಿಯಟ್ ಫಲಿತಾಂಶ ಹೊರಬಿತ್ತು. ನಮ್ಮ ಕಡೆ ಪಿಯುಸಿ ಅನ್ನುವುದನ್ನೇ ಇಲ್ಲಿ ಇಂಟರ್ ಅನ್ನುತ್ತಾರೆ. ಪರೀಕ್ಷೆ ಬರೆದ ಒಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಂದಿ ಫೇಲಾಗಿದ್ದರು. ಪರೀಕ್ಷೆ ಬರೆದು ಬಂದ ಕೆಲವರ ಹೆಸರಿನ ಮುಂದೆ ಗೈರುಹಾಜರಿ ಎಂದಿತ್ತು. ಮುಂದಿನ ಕೆಲವೇ ದಿನಗಳಲ್ಲಿ ಇಪ್ಪತ್ತರಷ್ಟು ಮಕ್ಕಳು ಜೀವ ಕಳೆದುಕೊಂಡ ಸುದ್ದಿ ಬಂತು. ಸರ್ಕಾರ ಮೂವರ ಸಮಿತಿ ನೇಮಿಸಿತು. ಫೇಲಾದವರೆಲ್ಲರ ಉತ್ತರಪತ್ರಿಕೆಗಳನ್ನು ಶುಲ್ಕವಿಲ್ಲದೆ ಮರುಪರಿಶೀಲಿಸಿದಾಗ ಸಾವಿರಕ್ಕೂ ಹೆಚ್ಚು ಮಂದಿ ಪಾಸಾದರು.

ಮಂಚಿರ್ಯಾಲ ಜಿಲ್ಲೆಯ ಒಬ್ಬ ಹುಡುಗಿಗೆ ತೆಲುಗು ಭಾಷೆಯಲ್ಲಿ ಸೊನ್ನೆ ಬಂದಿತ್ತು. ಪತ್ರಿಕೆ ತೆಗೆದು ನೋಡಿದರೆ 99. ಮೌಲ್ಯಮಾಪಕರು ಓಎಂಆರ್ ಹಾಳೆಯಲ್ಲಿ ತಪ್ಪಾಗಿ 00 ಗುರುತು ಹಾಕಿದ್ದರು. ಪರಿಶೀಲಿಸಬೇಕಾದವರ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಆ ವಾರ ಗಚ್ಚಿಬೌಲಿಯ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಬೇರೆ ಮಾತೇ ಇರಲಿಲ್ಲ. ನಾವೆಲ್ಲ ಸಾಫ್ಟ್‌ವೇರಿನವರು. ಟೆಸ್ಟಿಂಗ್ ಸರಿಯಾಗಿ ಮಾಡಿಲ್ಲ, ಡೇಟಾ ಹೊಂದಾಣಿಕೆ ನೋಡಿಲ್ಲ, 99 ತೆಗೆಯುವ ಹುಡುಗಿಗೆ ಸೊನ್ನೆ ಕೊಟ್ಟರಲ್ಲ ಎಂದು ಎಲ್ಲರಿಗಿಂತ ಜೋರಾಗಿ ಮಾತಾಡಿದವನು ನಾನು. ಕೋಪ ನ್ಯಾಯವಾದದ್ದೇ ಆಗಿತ್ತು.

ಆರು ವರ್ಷಗಳ ನಂತರ ನನ್ನ ಮಗಳು ಇಂಟರ್ ಸೇರಿದಳು. ಬೆಳಗ್ಗೆ ಆರೂವರೆಗೆ ಕೂಕಟ್‌ಪಲ್ಲಿಯಲ್ಲಿ ಬಸ್ಸು ಹತ್ತಿದರೆ ಮನೆ ಸೇರುವಾಗ ಕತ್ತಲು. ವಾರಕ್ಕೊಂದು ಟೆಸ್ಟು. ಅಂಕಗಳು ಅವಳಿಗಿಂತ ಮೊದಲು ನನ್ನ ಮೊಬೈಲಿಗೆ ಬರುತ್ತವೆ. ಅವಳು ಶೂ ಬಿಚ್ಚುವಷ್ಟರಲ್ಲಿ ನಾನು "ಯಾಕೆ?" ಎಂದು ಕೇಳಿಯಾಗಿರುತ್ತಿತ್ತು. ಅಂಕ ಕಡಿಮೆಯಾಯಿತೆಂದು ಅವಳನ್ನು ಕೆಳಗಿನ ಸೆಕ್ಷನ್ನಿಗೆ ಹಾಕಿದ್ದು ನನಗೆ ಮೂರು ವಾರ ಗೊತ್ತೇ ಆಗಲಿಲ್ಲ. ಲಿಫ್ಟಿನಲ್ಲಿ ಸಿಕ್ಕ ಪಕ್ಕದ ಮನೆಯವರು ಹೇಳಿದರು. ಅವಳು ಸರಿಯಾಗಿ ಊಟ ಮಾಡದೆ, ತಲೆನೋವು ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದುದಕ್ಕೆ ಕಾರಣ ಆಗ ಹೊಳೆಯಿತು.

ಆ ರಾತ್ರಿ ಸಮಾಧಾನ ಮಾಡಲೆಂದು ಮಂಚಿರ್ಯಾಲದ ಹುಡುಗಿಯ ಕತೆ ಹೇಳಿದೆ. ನೋಡು, ಅಂಕ ಅನ್ನುವುದನ್ನು ನಂಬಬೇಕಾಗಿಲ್ಲ ಅಂದೆ. ಅವಳು ತಟ್ಟೆ ನೋಡುತ್ತಲೇ ಕೇಳಿದಳು: "ಅವಳಿಗೆ ನಿಜವಾಗ್ಲೂ ಸೊನ್ನೆ ಬಂದಿದ್ರೆ ಏನಪ್ಪಾ?"

ನನ್ನ ಬಳಿ ಉತ್ತರ ಇರಲಿಲ್ಲ. ನಮ್ಮ ಕ್ಯಾಂಟೀನಿನ ಕೋಪದಲ್ಲಿ ಹೇಳದೇ ಉಳಿದ ಒಂದು ಷರತ್ತಿತ್ತು. ಜಾಣ ಹುಡುಗಿಗೆ ಅವಮಾನವಾದದ್ದು ಅನ್ಯಾಯ ಎಂದರೆ, ದಡ್ಡ ಹುಡುಗಿಗೆ ಅದೇ ಅವಮಾನ ಸಲ್ಲಬೇಕಾದದ್ದು ಎಂದು ನಾವು ಒಪ್ಪಿಕೊಂಡ ಹಾಗಾಯಿತು. ಯಂತ್ರ ಸರಿಯಾಗಿ ಲೆಕ್ಕ ಹಾಕಿದ್ದರೆ ನಮಗ್ಯಾರಿಗೂ ಸಿಟ್ಟು ಬರುತ್ತಿರಲಿಲ್ಲ.

"ಅಂಕ ಮುಖ್ಯವಲ್ಲ ಮಗಳೇ" ಎನ್ನಬಹುದಿತ್ತು. ಆದರೆ ಅದು ಸುಳ್ಳು. ಮುಖ್ಯವಲ್ಲದಿದ್ದರೆ ಇಷ್ಟು ಫೀಸು ಯಾಕೆ ಕಟ್ಟಿದೆ, ಅವಳನ್ನು ಐದು ಗಂಟೆಗೆ ಯಾಕೆ ಎಬ್ಬಿಸುತ್ತೇನೆ? ಹದಿನಾರರ ಮಕ್ಕಳಿಗೆ ನಮ್ಮ ಮಾತು ಮತ್ತು ನಡತೆಯ ನಡುವಿನ ಬಿರುಕು ಮೊದಲು ಕಾಣುತ್ತದೆ. ಹಾಗಾದರೆ ಅಪ್ಪನಾದವನು ಸುಳ್ಳು ಹೇಳದೆ ಏನು ಹೇಳಬಹುದು?

ಆಫೀಸಿನಲ್ಲಿ ನಡುರಾತ್ರಿ ಸಿಸ್ಟಮ್ ಕುಸಿದರೆ ನಾವು "ಯಾರು ಮಾಡಿದ್ದು?" ಎಂದು ಶುರು ಮಾಡುವುದಿಲ್ಲ. ಏನಾಯಿತು, ಮತ್ತೆ ಆಗದಂತೆ ಏನು ಮಾಡಬೇಕು, ಇವಷ್ಟೇ ಪ್ರಶ್ನೆ. ಇದು ದೊಡ್ಡ ಮನಸ್ಸಿನಿಂದಲ್ಲ. ಹೆದರಿದ ಎಂಜಿನಿಯರ್ ತಪ್ಪು ಮುಚ್ಚಿಡುತ್ತಾನೆ, ಮುಚ್ಚಿಟ್ಟ ತಪ್ಪು ಬೆಳೆಯುತ್ತದೆ ಎಂಬ ಅನುಭವದಿಂದ. ಹನ್ನೆರಡು ಜನರ ತಂಡಕ್ಕೆ ಕೊಟ್ಟ ಈ ಸವಲತ್ತನ್ನು ನಾನು ಮನೆಯ ಒಬ್ಬಳೇ ಮಗಳಿಗೆ ಕೊಟ್ಟಿರಲಿಲ್ಲ.

ರಾಯಚೂರಿನಲ್ಲಿ ದ್ವಿತೀಯ ಪಿಯುಸಿ ಓದುವಾಗ ನಾನು ಭೌತಶಾಸ್ತ್ರದಲ್ಲಿ ಫೇಲಾಗಿದ್ದೆ. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ನನ್ನ ಹೆಸರು ಹಿಡಿದು ಕರೆಯುವುದನ್ನು ನಿಲ್ಲಿಸಿದರು. ಪೂರಕ ಪರೀಕ್ಷೆಯಲ್ಲಿ ಪಾಸಾದ ದಿನ ಮತ್ತೆ ಕರೆದರು. ಆ ಮೌನವೇ ನನ್ನನ್ನು ಎಂಟೆಕ್‌ವರೆಗೆ ತಂದಿತು ಎಂದು ಬಹಳ ವರ್ಷ ನಂಬಿದ್ದೆ. ಈಗ ಹಾಗನಿಸುವುದಿಲ್ಲ. ಆ ತಿಂಗಳುಗಳಲ್ಲಿ ಅವ್ವ ದಿನಾ ರಾತ್ರಿ ಬಾಗಿಲಲ್ಲಿ ನಿಂತು "ಏಳೋ, ಉಣ್ಣಾಕ ಬಾ" ಅನ್ನುತ್ತಿದ್ದಳು. ನನ್ನನ್ನು ಉಳಿಸಿದ್ದು ಆ ಕರೆ.

ಅಪ್ಪನನ್ನು ಈಗ ದೂರುವ ಮನಸ್ಸಿಲ್ಲ. ನಾಲ್ಕು ಜನರೆದುರು ಹೇಗೆ ಮುಖ ತೋರಿಸುವುದೆಂದು ಹೆದರಿದ್ದರು. ಆ ಹೆದರಿಕೆ ಹೇಳಿಕೊಳ್ಳಲು ಅವರಿಗೆ ಯಾರೂ ಇರಲಿಲ್ಲ. ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ ಮಾತಾಡುವಾಗ ನಾವು ಇದನ್ನು ಮರೆಯುತ್ತೇವೆ. ಹೆತ್ತವರ ಭಯಕ್ಕೆ ಬೇರೆ ದಾರಿ ಸಿಗದಿದ್ದರೆ ಅದು ಮಕ್ಕಳ ತಟ್ಟೆಗೇ ಬಂದು ಬೀಳುತ್ತದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಒಂದು ರಾತ್ರಿ ನಾನೇ ಫೋನ್ ಮಾಡಿದೆ. ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮಗಳ ವಿಷಯವೆಂದು ಶುರು ಮಾಡಿದವನು ನನ್ನ ನಿದ್ದೆ ಕೆಟ್ಟಿದ್ದನ್ನೇ ಹೇಳಿಕೊಂಡೆ.

ವ್ಯವಸ್ಥೆ ಬದಲಾಗಬೇಕು, ಅಲ್ಪಸ್ವಲ್ಪ ಆಗುತ್ತಲೂ ಇದೆ. ಕರ್ನಾಟಕದಲ್ಲಿ 2024ರಲ್ಲಿ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳು ಬಂದವು, ಉತ್ತಮವಾದ ಅಂಕ ಉಳಿಸಿಕೊಳ್ಳಲು ಅವಕಾಶವಾಯಿತು. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ, ಅಂಕದ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚುಗಳಾಗಿ ಒಡೆಯಬಾರದು, ಎಲ್ಲರೆದುರು ಅವಮಾನಿಸಬಾರದು ಎಂದಿತು. ನನ್ನ ಮಗಳ ಸೆಕ್ಷನ್ ಬದಲಾದದ್ದು ಅದಾದ ಮರುತಿಂಗಳು. ತೀರ್ಪು ತರಗತಿಯವರೆಗೆ ನಡೆದು ಬರಲು ಸಮಯ ಬೇಕು. ನಮ್ಮ ಮನೆಯ ಊಟದ ಮೇಜಿಗೆ ಅಷ್ಟು ಸಮಯ ಬೇಕಿಲ್ಲ.

ಎರಡು ದಿನ ಬಿಟ್ಟು ಮಗಳಿಗೆ ಹೇಳಿದೆ. "ಅಂಕ ಮುಖ್ಯವೇ. ಸೊನ್ನೆ ಬಂದ್ರೆ ನನಗೆ ಬೇಜಾರಾಗುತ್ತೆ, ಆಗಲ್ಲ ಅಂತ ನಾಟಕ ಮಾಡಲ್ಲ. ಆದರೆ ಆ ದಿನ ಎಲ್ಲರೂ ಒಟ್ಟಿಗೆ ಊಟ ಮಾಡಿ ಮಲಗೋಣ. ಯಾಕೆ ಬಂತು ಅಂತ ಮರುದಿನ ಕೂತು ನೋಡೋಣ. ಈ ಮನೇಲಿ ನಿನ್ನ ಜಾಗಕ್ಕೂ ಅಂಕಕ್ಕೂ ಸಂಬಂಧ ಇಲ್ಲ."

"ಹೇಳೋದು ಸುಲಭ ಅಪ್ಪಾ" ಅಂದಳು.

ಸರಿಯಾದ ಮಾತು. ಇಂಥ ಮಾತನ್ನು ಫಲಿತಾಂಶ ಬರುವ ಮೊದಲೇ ಕೊಡಬೇಕು, ಬಂದ ಮೇಲೆ ನಡೆಸಿ ತೋರಿಸಬೇಕು. ಕಳೆದ ವಾರ ಗಣಿತದಲ್ಲಿ ನೂರಿಪ್ಪತ್ತಕ್ಕೆ ಹದಿನಾಲ್ಕು ಬಂದಿದೆ ಎಂದು ಮೆಸೇಜು ಬಂತು. ಮೊಬೈಲನ್ನು ಡ್ರಾಯರಿನಲ್ಲಿಟ್ಟು ತಟ್ಟೆ ಹಾಕಿದೆ. ಊಟದ ನಡುವೆ ನಾಲಿಗೆಯ ತುದಿಗೆ ಎರಡು ಸಲ ಬಂದ ಪ್ರಶ್ನೆಯನ್ನು ನುಂಗಿದೆ. ಕೈ ತೊಳೆದು ಎದ್ದವಳು ತಾನಾಗಿಯೇ, "ಹದಿನಾಲ್ಕು ಬಂದಿದೆ, ನಾಳೆ ನೋಡೋಣ್ವಾ?" ಅಂದಳು.