ಬೀಜವನ್ನು ಕಾಪಿಡುವುದು ಲೋಭವೇ?

ನಮ್ಮ ಮಠದ ಶಾಲೆಯ ಹಿತ್ತಲಿನಲ್ಲಿ ದಂಟಿನ ಸೊಪ್ಪಿನ ಮಡಿಗಳುಂಟು. ಅವನ್ನು ಬೆಳೆಯುವ ಕಾಯಕ ವಿದ್ಯಾರ್ಥಿಗಳದು. ಬೆಳೆದ ಸೊಪ್ಪು ದಾಸೋಹಕ್ಕೆ ಸಲ್ಲುವುದು. ಒಂದು ದಿನ ಆಯ್ದಕ್ಕಿ ಲಕ್ಕಮ್ಮನವರ ಚರಿತ್ರೆಯನ್ನು ಪಾಠ ಹೇಳಿ ಮುಗಿಸಿದಾಗ ಬಾಲಕನೊಬ್ಬನು ಎದ್ದುನಿಂತು, “ಗುರುಗಳೇ, ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಕಳುಹಿಸಿದರು. ಹಾಗಾದರೆ ನಾವು ಗಡಿಗೆಯಲ್ಲಿ ಬೀಜ ಕಟ್ಟಿಡುವುದು ಆಸೆಯಲ್ಲವೇ?” ಎಂದು ಕೇಳಿದನು. ಕೇಳಿದವನು ಚಿಕ್ಕವನಾದರೂ ಪ್ರಶ್ನೆ ಹಿರಿದಾಗಿತ್ತು. ಅಂದು ನನ್ನಿಂದ ಸಮರ್ಪಕವಾದ ಉತ್ತರ ಬರಲಿಲ್ಲ.

ನಾಳೆಗೆಂದು ಕೂಡಿಡುವುದನ್ನು ಶರಣರು ಮೆಚ್ಚಲಿಲ್ಲವೆಂಬುದು ನಿಜ. ಆದರೆ ಬೀಜವೂ ಆ ಕೂಡಿಡುವ ವಸ್ತುಗಳ ಸಾಲಿಗೆ ಸೇರುವುದೇ ಎಂಬುದನ್ನು ವಿಚಾರಿಸಬೇಕು. ಅದಕ್ಕೆ ಮಡಿಯ ಬಳಿಗೇ ಹೋಗುವುದು ಲೇಸು.

ದಂಟಿನ ಬೀಜ ಬಹು ಸಣ್ಣದು. ಒಂದು ಗ್ರಾಂ ತೂಕದಲ್ಲಿ ಸಾವಿರಕ್ಕೂ ಮಿಗಿಲಾಗಿ ಇರುವುವು. ಒತ್ತಾಗಿ ಬೀಳದಿರಲೆಂದು ಅದನ್ನು ನಯವಾದ ಮರಳಿನೊಡನೆ ಬೆರೆಸಿ ಎರಚಿ, ಮೇಲೆ ತೆಳುವಾಗಿ ಮಣ್ಣು ಮುಚ್ಚುತ್ತೇವೆ. ನಾಲ್ಕು ವಾರಗಳ ಹೊತ್ತಿಗೆ ಒತ್ತಾಗಿರುವ ಗಿಡಗಳನ್ನು ಕಿತ್ತು ಅಡಿಗೆಗೆ ಕೊಡುತ್ತೇವೆ. ಬೇಳೆಯೊಡನೆ ಬೇಯಿಸಿ ಬಸಿದ ಕಟ್ಟಿನಿಂದ ಬಸ್ಸಾರು, ಉಳಿದುದರಿಂದ ಪಲ್ಯ. ಬಲಿತ ದಂಟು ಹುಳಿಗೆ. ಬೆಂದ ನೀರನ್ನು ಚೆಲ್ಲಿದರೆ ಸೊಪ್ಪಿನ ಸತ್ತ್ವವೂ ಅದರೊಡನೆ ಹೋಗುವುದಾದುದರಿಂದ ಬಸ್ಸಾರು ಮಾಡುವ ನಮ್ಮ ಹಿರಿಯರ ಪದ್ಧತಿ ಪ್ರಸಾದಭಾವಕ್ಕೆ ಒಪ್ಪುವಂಥದು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕಾಗಿದೆ. ಒಂದು ವರ್ಷ ಜಾತ್ರೆಯ ದಾಸೋಹಕ್ಕೆ ಸೊಪ್ಪು ಸಾಲದೆ ಬಂದಾಗ, ಬೀಜಕ್ಕೆಂದು ಬಿಟ್ಟಿದ್ದ ಪುಷ್ಟವಾದ ಗಿಡಗಳನ್ನೂ ಕೀಳಿಸಿದೆನು. ಬಡಕಲಾಗಿ, ಬೇಗನೆ ಹೂ ಬಿಟ್ಟಿದ್ದ ಕೆಲವು ಗಿಡಗಳು ಮಾತ್ರ ಉಳಿದುವು. ಅವುಗಳ ಬೀಜವನ್ನೇ ಮರುವರ್ಷ ಬಿತ್ತಿದೆವು. ಆ ಸಸಿಗಳೂ ಎಲೆ ಅಗಲವಾಗುವ ಮೊದಲೇ ತೆನೆಗೆ ತಿರುಗಿದುವು. ತಾಯಿಯ ಗುಣ ಮಕ್ಕಳಿಗೆ ಇಳಿಯಿತು. ಒಂದು ದಿನದ ಪಂಕ್ತಿಯನ್ನು ಮೆರೆಸಲು ಹೋಗಿ ಮುಂದಿನ ವರ್ಷದ ಮಕ್ಕಳ ತಟ್ಟೆಯಿಂದ ನಾನು ಕಿತ್ತುಕೊಂಡಂತಾಯಿತು. ದಾಸೋಹವೆಂಬ ಹೆಸರಿದ್ದ ಮಾತ್ರಕ್ಕೆ ಆ ತಪ್ಪು ತಪ್ಪಲ್ಲವೆನಿಸಲಾರದು.

ಈಗ ಉತ್ತಮವಾದ ಹತ್ತು ಹನ್ನೆರಡು ಗಿಡಗಳನ್ನು, ಅದರಲ್ಲಿಯೂ ತಡವಾಗಿ ಹೂ ಬಿಡುವುವನ್ನು, ಮೊದಲೇ ಗುರುತಿಸಿ ಬಿಡುತ್ತೇವೆ. ದಂಟಿನ ಪರಾಗ ಗಾಳಿಯಲ್ಲಿ ಹಾರುವುದರಿಂದ ಸುತ್ತಲಿನ ಕಾಡುದಂಟನ್ನು ಹೂ ಬಿಡುವ ಮೊದಲೇ ಕೀಳುತ್ತೇವೆ. ತೆನೆಯನ್ನು ಉಜ್ಜಿದರೆ ಬೀಜ ಉದುರುವಂತಾದಾಗ ಕೊಯ್ದು, ಒಣಗಿಸಿ, ಕೇರಿ, ಬೂದಿ ಬೆರೆಸಿ ಗಡಿಗೆಯಲ್ಲಿ ಇಡುತ್ತೇವೆ.

ಇನ್ನು ಬಾಲಕನ ಪ್ರಶ್ನೆ. ಹೊನ್ನನ್ನು ನೂರು ವರ್ಷ ಹೂಳಿಟ್ಟರೂ ಅದು ಕೆಡುವುದಿಲ್ಲ. ಆದುದರಿಂದಲೇ ಅದು ಮನುಷ್ಯನನ್ನು ಕಟ್ಟಿಹಾಕುವುದು. ಬೀಜವಾದರೋ ಕೆಲವು ವರ್ಷಗಳು ಕಳೆದರೆ ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುವುದು. ಮಣ್ಣಿಗೆ ಒಪ್ಪಿಸದೆ ಅದನ್ನು ಉಳಿಸಿಕೊಳ್ಳುವ ದಾರಿಯಿಲ್ಲ. ಆದಕಾರಣ ಬೀಜ ಕಾಯುವವನು ಒಡೆಯನಲ್ಲ, ನಾಳೆ ಉಣ್ಣುವವರ ಪಾಲನ್ನು ಇಂದು ಕಾಯುವ ಸೇವಕ.

ಆದರೂ ಲಕ್ಕಮ್ಮನವರ ಎಚ್ಚರಿಕೆ ಇಲ್ಲಿಯೂ ಸಲ್ಲುತ್ತದೆ. ಮುಂದಿನ ಬಿತ್ತನೆಗೆ ಬೇಕಾದುದು, ಮಳೆ ಕೈಕೊಟ್ಟರೆ ಮತ್ತೊಮ್ಮೆ ಬಿತ್ತಲು ಬೇಕಾದುದು, ಇಷ್ಟು ನಮ್ಮ ಅಳತೆ. ಇದಕ್ಕೆ ಮೀರಿದುದು ಕೇಳಿದವರದು. ರೈತನು ತನ್ನ ಬೀಜವನ್ನು ಉಳಿಸಲು, ಬಿತ್ತಲು, ಹಂಚಿಕೊಳ್ಳಲು ಹಕ್ಕುಳ್ಳವನೆಂದು ನಮ್ಮ ದೇಶದ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯೂ ಮನ್ನಿಸಿದೆ. ಕಾಯಿದೆ ಅದನ್ನು ಹಕ್ಕೆನ್ನುವುದು. ಶರಣಧರ್ಮದ ದೃಷ್ಟಿಯಲ್ಲಿ ಅದು ಕರ್ತವ್ಯ. ನೆರೆಯವರು ಹಿಡಿ ಬೀಜ ಬೇಡಿ ಬಂದಾಗ ಗಡಿಗೆ ಮುಚ್ಚಿದರೆ, ಆ ಗಳಿಗೆಯಲ್ಲಿಯೇ ಬೀಜ ಲೋಭವಾಯಿತೆಂದು ತಿಳಿಯತಕ್ಕದ್ದು.

ಆ ಬಾಲಕನಿಗೆ ಈ ಉತ್ತರವನ್ನು ಮಾತಿನಲ್ಲಿ ಹೇಳಲಿಲ್ಲ. ಗಡಿಗೆಯನ್ನು ಅವನ ಕೈಗೆ ಕೊಟ್ಟು, ಈ ವರ್ಷದ ಬಿತ್ತನೆಗೆ ಬೇಕಾದುದನ್ನು ಅಳೆದಿಟ್ಟು ಉಳಿದುದನ್ನು ಊರ ಮನೆಗಳಿಗೆ ಹಂಚಿ ಬರುವಂತೆ ತಿಳಿಸಿದೆನು. ಸಂಜೆ ಅವನು ಬರಿಯ ಗಡಿಗೆಯೊಡನೆ ಹಿಂದಿರುಗಿದನು.