ಶಾಂತಿ ಮಾಡುವವನು ಯಾರ ಕಡೆಯವನು?

ಪ್ರತಿ ಭಾನುವಾರ ಬಲಿಪೂಜೆಯಲ್ಲಿ, ಪರಮಪ್ರಸಾದ ಸ್ವೀಕರಿಸುವ ಮುಂಚೆ, ಒಬ್ಬರಿಗೊಬ್ಬರು ಶಾಂತಿ ಕೋರುವಂತೆ ಗುರುಗಳು ಹೇಳುತ್ತಾರೆ. ನಾವು ಎಡಕ್ಕೆ ತಿರುಗಿ ಕೈಮುಗಿಯುತ್ತೇವೆ, ಬಲಕ್ಕೆ ತಿರುಗಿ ಕೈಮುಗಿಯುತ್ತೇವೆ. ಅರ್ಧ ನಿಮಿಷದ ಕೆಲಸ. ಆದರೆ ನಮ್ಮಲ್ಲಿ ಅನೇಕರು ಚರ್ಚಿನೊಳಗೆ ಕಾಲಿಟ್ಟಾಗ ಮೊದಲು ನೋಡುವುದು ಯಾರು ಎಲ್ಲಿ ಕುಳಿತಿದ್ದಾರೆ ಎಂಬುದನ್ನು. ಮಾತು ಬಿಟ್ಟ ತಮ್ಮ ಆ ಸಾಲಿನಲ್ಲಿದ್ದರೆ ನಾವು ಈ ಸಾಲಿಗೆ. ಹೀಗೆ ಜಾಗ ಆರಿಸಿಕೊಂಡು ಕುಳಿತ ಮೇಲೆ ಪಕ್ಕದವರಿಗೆ ಶಾಂತಿ ಕೋರುವುದು ಏನು ಕಷ್ಟ?

ಯೇಸುಸ್ವಾಮಿ ಬೆಟ್ಟದ ಮೇಲೆ ಭಾಗ್ಯವಂತರನ್ನು ಹೆಸರಿಸಿದಾಗ ಜಗಳಕ್ಕೆ ಹೆದರುವವರನ್ನು ಹೊಗಳಲಿಲ್ಲ. ಮತ್ತಾಯನ ಶುಭಸಂದೇಶದ ಮೂಲ ಗ್ರೀಕಿನಲ್ಲಿರುವ ಪದ ಐರೆನೊಪೊಯೋಸ್. ಶಾಂತಿಯನ್ನು ಮಾಡುವವನು, ಉಂಟುಮಾಡುವವನು ಎಂದು ಅದರ ಅರ್ಥ. ಶಾಂತಿಯನ್ನು ಇಷ್ಟಪಡದವರು ಯಾರಿದ್ದಾರೆ? ಜಗಳಗಂಟನಿಗೂ ಮಧ್ಯಾಹ್ನದ ನಿದ್ದೆಗೆ ಶಾಂತಿ ಬೇಕು. ಇಷ್ಟಪಡುವುದು ಬೇರೆ, ಮಾಡುವುದು ಬೇರೆ.

ನಮ್ಮ ಕುಟುಂಬಗಳಲ್ಲಿ ಶಾಂತಿಯ ಹೆಸರಿನಲ್ಲಿ ನಡೆಯುವ ಒಂದು ಅನ್ಯಾಯವನ್ನು ಇಲ್ಲಿ ಹೇಳಲೇಬೇಕು. ತಂದೆ ತೀರಿಕೊಂಡ ಮೇಲೆ ಮನೆ ಭಾಗವಾಗುತ್ತದೆ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಉಯಿಲು ಇಲ್ಲದಿದ್ದರೆ, ಮಗನಿಗೂ ಮಗಳಿಗೂ ಸಮಪಾಲು. ಆದರೂ ಮಗಳನ್ನು ಕರೆದು, "ಅಣ್ಣತಮ್ಮಂದಿರ ಹತ್ತಿರ ಯಾಕಮ್ಮ ನಿಷ್ಠುರ? ನಾಳೆ ತವರುಮನೆ ಬೇಕಲ್ಲ" ಎಂದು ಹಿರಿಯರು ಬುದ್ಧಿ ಹೇಳುತ್ತಾರೆ. ಆಕೆ ರುಜು ಹಾಕುತ್ತಾಳೆ. ಮನೆಯಲ್ಲಿ ಗಲಾಟೆಯೇ ಆಗಲಿಲ್ಲ ಎಂದು ಎಲ್ಲರೂ ಮೆಚ್ಚುತ್ತಾರೆ. ಇದನ್ನು ಶಾಂತಿ ಎಂದು ಕರೆಯಲು ನನಗೆ ಮನಸ್ಸು ಬಾರದು. ಗಾಯವನ್ನು ಮೇಲೆ ಮೇಲೆ ಒರೆಸಿ, ಎಲ್ಲ ಸರಿಯಾಗಿದೆ ಎಂದವರನ್ನು ಯೆರೆಮೀಯ ಪ್ರವಾದಿ ಎಷ್ಟು ಕಟುವಾಗಿ ಖಂಡಿಸಿದ್ದಾನೆ! ಬಲವಿಲ್ಲದವರು ಸೋತು ಸುಮ್ಮನಾದಾಗ ಉಳಿಯುವುದು ಶಾಂತಿಯಲ್ಲ, ಬರಿಯ ಮೌನ.

ಹಾಗಾದರೆ ನ್ಯಾಯ ಮೊದಲು, ಶಾಂತಿ ಆಮೇಲೆ ಎನ್ನೋಣವೇ? ಅದೂ ಅಷ್ಟು ಸುಲಭವಲ್ಲ. ನ್ಯಾಯ ನಮ್ಮ ಕಡೆಗಿದೆ ಎಂದು ಇಬ್ಬರೂ ಮನಸಾರೆ ನಂಬಿರುವಾಗ ಏನು ಮಾಡುವುದು? ಈ ಪ್ರಶ್ನೆಗೆ ನಾವು ದೂರ ಹೋಗಬೇಕಿಲ್ಲ. ಮೈಸೂರು ಧರ್ಮಕ್ಷೇತ್ರದ ನಕ್ಷೆಯನ್ನು ಒಮ್ಮೆ ನೋಡಿ: ಕೊಡಗು, ಮೈಸೂರು, ಮಂಡ್ಯ, ಚಾಮರಾಜನಗರ. ಕಾವೇರಿ ಹುಟ್ಟುವ ಬೆಟ್ಟ, ಅವಳನ್ನು ತಡೆದು ನಿಲ್ಲಿಸಿದ ಕನ್ನಂಬಾಡಿ ಕಟ್ಟೆ, ಆ ನೀರು ಕುಡಿಯುವ ನಾಲೆಯ ಬಯಲು, ಅವಳು ಗಡಿ ದಾಟುವ ಕಾಡು ಎಲ್ಲವೂ ನಮ್ಮ ಧರ್ಮಕ್ಷೇತ್ರದ ಮಡಿಲಲ್ಲೇ ಇವೆ. ಗಡಿಯ ಮಾರ್ಟಳ್ಳಿಯಂಥ ಊರುಗಳಲ್ಲಿ ತಲೆಮಾರುಗಳಿಂದ ತಮಿಳು ಮಾತಾಡುವ ಕಥೋಲಿಕರಿದ್ದಾರೆ. ಮಂಡ್ಯದ ಕನ್ನಡ ಕಥೋಲಿಕನಿಗೂ ಅವರಿಗೂ ಧರ್ಮಾಧ್ಯಕ್ಷರು ಒಬ್ಬರೇ.

1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿಯು ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಅಡಿ ನೀರು ಸಿಗಬೇಕೆಂದು ಮಧ್ಯಂತರ ಆದೇಶ ನೀಡಿತು. ಡಿಸೆಂಬರ್ 11ರಂದು ಕೇಂದ್ರ ಸರ್ಕಾರ ಅದನ್ನು ಗೆಜೆಟ್‌ನಲ್ಲಿ ಪ್ರಕಟಿಸಿತು. ಆಮೇಲೆ ಬೆಂಗಳೂರಿನಲ್ಲೂ ಹಳೇ ಮೈಸೂರಿನ ಜಿಲ್ಲೆಗಳಲ್ಲೂ ತಮಿಳು ಮಾತಾಡುವವರ ಮೇಲೆ ಹಲ್ಲೆಗಳಾದವು. ಅನೇಕರು ಮನೆಮಠ ಬಿಟ್ಟು ಓಡಿದರು. ಆಗಮನ ಕಾಲ ಅದು, ಕ್ರಿಸ್ಮಸ್‌ಗೆ ಎರಡು ವಾರವೂ ಇರಲಿಲ್ಲ.

ನಮ್ಮ ಬೀದಿಯಲ್ಲಿ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಒಬ್ಬರಿದ್ದರು. ತಮಿಳಿನವರು, ನಮ್ಮ ಚರ್ಚಿನವರೇ. ನಾವು ಮಾಮ ಎನ್ನುತ್ತಿದ್ದೆವು. ಆ ವಾರ ಟೀ ಅಂಗಡಿಯ ಮುಂದೆ ಕೆಲವು ಹುಡುಗರು ನನ್ನನ್ನು ನಿಲ್ಲಿಸಿ, "ಆ ಮನೆಯವರು ನಿಮಗೆ ಬೇಕಾದವರಾ?" ಎಂದು ಕೇಳಿದರು. "ಇಲ್ಲಪ್ಪ, ಅಷ್ಟೇನೂ ಗೊತ್ತಿಲ್ಲ" ಎಂದೆ. ಕೋಳಿ ಕೂಗಲಿಲ್ಲ, ಅಷ್ಟೇ. ಮನೆಗೆ ಬಂದರೆ ಮಾಮನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ನಮ್ಮ ನಡುಮನೆಯಲ್ಲಿ ಕುಳಿತಿದ್ದರು. ನಮ್ಮ ತಾಯಿಯೇ ಹೋಗಿ ಕರೆತಂದಿದ್ದರು. ನನ್ನ ಮುಖ ನೋಡಿ ಒಳಗೆ ಕರೆದು ಹೇಳಿದರು: "ನೀರು ನಮ್ಮದೇ ಕಣೋ, ಯಾರು ಇಲ್ಲ ಅಂದರು? ಹಾಗಂತ ಆ ಹೆಂಗಸು ಏನು ಮಾಡಿದಾಳೆ?"

ನಮ್ಮ ತಾಯಿ ಮಂಡ್ಯದ ಕಡೆಯವರು. ನಾಲೆಯಲ್ಲಿ ನೀರು ಬಾರದಿದ್ದರೆ ಏನಾಗುತ್ತದೆಂಬುದು ಅವರಿಗೆ ಪೇಪರಿನಿಂದ ತಿಳಿಯಬೇಕಾಗಿರಲಿಲ್ಲ. ಅವರು ತಮ್ಮ ಕಡೆಯನ್ನು ಬಿಡಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ಶಾಂತಿ ಮಾಡುವವನು ಯಾವ ಕಡೆಯವನೂ ಅಲ್ಲದವನಾಗಿರಬೇಕು ಎಂದು ನಾವು ತಿಳಿಯುತ್ತೇವೆ. ಯಾವ ಕಡೆಯೂ ಇಲ್ಲದವನ ಮಾತಿಗೆ ಯಾವ ಕಡೆಯವರು ಬೆಲೆ ಕೊಡುತ್ತಾರೆ?

ಬೈಬಲಿನಲ್ಲಿ ನೀರಿನ ಜಗಳವೊಂದಿದೆ. ಆದಿಕಾಂಡದ 26ನೆಯ ಅಧ್ಯಾಯವನ್ನು ಬಿಡುವಾದಾಗ ತೆಗೆದು ಓದಿ. ಇಸಾಕನ ಆಳುಗಳು ಬಾವಿ ತೋಡಿದರೆ ಗೆರಾರಿನ ಕುರುಬರು ಬಂದು ನೀರು ತಮ್ಮದೆನ್ನುತ್ತಾರೆ. ಆ ಬಾವಿಗೆ ಜಗಳ ಎಂಬ ಅರ್ಥದ ಹೆಸರನ್ನೇ ಇಟ್ಟು ಇಸಾಕ ಇನ್ನೊಂದು ತೋಡಿಸುತ್ತಾನೆ. ಅದಕ್ಕೂ ತಕರಾರು, ಅದರ ಹೆಸರು ಹಗೆ. ಮೂರನೆಯದಕ್ಕೆ ಯಾರೂ ಬರಲಿಲ್ಲ. ಅದಕ್ಕೆ ರೆಹೋಬೋತ್, ಅಂದರೆ ವಿಶಾಲವಾದ ಜಾಗ, ಎಂದು ಹೆಸರಿಡುತ್ತಾನೆ. ಪ್ರಸಂಗಗಳಲ್ಲಿ ಇಸಾಕನ ತಾಳ್ಮೆಯನ್ನು ಇಲ್ಲಿಗೇ ಹೊಗಳಿ ನಿಲ್ಲಿಸುವುದುಂಟು. ಆದರೆ ಇಸಾಕನಿಗೆ ಗುಡಾರ ಕಿತ್ತುಕೊಂಡು ಮುಂದೆ ಹೋಗಲು ಜಾಗವಿತ್ತು. ಮದ್ದೂರಿನ ರೈತ, ಮನ್ನಾರ್ಗುಡಿಯ ರೈತ ಎಲ್ಲಿಗೆ ಹೋದಾರು? ನನಗೆ ಮುಖ್ಯವೆನಿಸುವುದು ಆಮೇಲಿನ ಭಾಗ. ಗೆರಾರಿನ ಅರಸ ಅಬೀಮೆಲೆಕ ತಾನಾಗಿ ಬಂದಾಗ ಇಸಾಕ ಹಲ್ಲು ಕಿರಿಯುವುದಿಲ್ಲ. ನನ್ನನ್ನು ದ್ವೇಷಿಸಿ ಹೊರಗೆ ಹಾಕಿದವರು ಈಗೇಕೆ ಬಂದಿರಿ ಎಂದು ನೇರವಾಗಿ ಕೇಳುತ್ತಾನೆ. ಕೇಳಿದ ಮೇಲೆ ಊಟಕ್ಕಿಡುತ್ತಾನೆ. ನೋವನ್ನು ಹೇಳಿಯಾದ ಮೇಲೆ ಊಟ. ನಮ್ಮ ಮನೆಗಳ ರಾಜಿ ಪಂಚಾಯಿತಿಗಳಲ್ಲಿ ಹೇಳುವುದನ್ನು ಬಿಟ್ಟು ಊಟ ಮಾತ್ರ ಹಾಕಿಸುತ್ತೇವೆ. ಆದ್ದರಿಂದಲೇ ಆ ರಾಜಿ ಮುಂದಿನ ಮದುವೆಯವರೆಗೂ ಬಾಳುವುದಿಲ್ಲ.

ಕಾವೇರಿಯ ವಿಷಯದಲ್ಲೂ ಇಂಥದೊಂದು ಪ್ರಯತ್ನ ನಡೆದದ್ದು ಹೆಚ್ಚು ಜನಕ್ಕೆ ತಿಳಿಯದು. 2002ರ ಬರದಲ್ಲಿ ಎರಡೂ ಕಡೆ ಬೆಂಕಿ ಹತ್ತಿದ್ದಾಗ, ಮರುವರ್ಷ 2003ರಲ್ಲಿ, ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಪ್ರಾಧ್ಯಾಪಕ ಎಸ್. ಜನಕರಾಜನ್ ಅವರ ಮುತುವರ್ಜಿಯಿಂದ ಎರಡು ರಾಜ್ಯಗಳ ರೈತ ಮುಖಂಡರು ಒಂದೆಡೆ ಕುಳಿತರು. ಆ ಕೂಟಕ್ಕೆ ಕಾವೇರಿ ಕುಟುಂಬ ಎಂಬ ಹೆಸರಾಯಿತು. ಅವರ ರೈತರು ಇಲ್ಲಿಗೆ ಬಂದರು, ನಮ್ಮ ರೈತರು ಅಲ್ಲಿಗೆ ಹೋದರು, ಪರಸ್ಪರರ ಹೊಲಗದ್ದೆಗಳನ್ನು ಕಣ್ಣಾರೆ ನೋಡಿದರು. ಎಲ್ಲರೂ ಒಪ್ಪುವ ನೀರು ಹಂಚಿಕೆಯ ಸೂತ್ರ ಅವರಿಂದ ಸಾಧ್ಯವಾಗಲಿಲ್ಲ. 2007ರಲ್ಲಿ ನ್ಯಾಯಮಂಡಳಿ, 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಲೆಕ್ಕ ಹೇಳಿದವು. ಕೋರ್ಟು ನಮ್ಮ ಪಾಲಿಗೆ 14.75 ಟಿಎಂಸಿ ಅಡಿ ಹೆಚ್ಚಿಸಿತು. ನಡುವೆ 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ತಮಿಳುನಾಡಿನ ನೋಂದಣಿಯ ಬಸ್ಸುಗಳು ಉರಿದವು. ಹಾಗಾದರೆ ಆ ರೈತರ ಓಡಾಟ ವ್ಯರ್ಥವೇ? ಕೋರ್ಟು ನೀರನ್ನು ಅಳೆದು ಕೊಡಬಲ್ಲದು. ಆಚೆ ಕಡೆಯ ಗದ್ದೆಯ ಬಿರುಕನ್ನು ನಮಗೆ ತೋರಿಸುವುದು ಅದರ ಕೆಲಸವಲ್ಲ.

ಆ ಗದ್ದೆಗಳನ್ನು ನಾವು ಮೈಸೂರಿನ ಕಥೋಲಿಕರು ನೋಡಿಯೇ ಇದ್ದೇವೆ. ವೇಲಾಂಕಣಿಯ ಆರೋಗ್ಯಮಾತೆಯ ಹಬ್ಬ ಸೆಪ್ಟೆಂಬರ್ 8. ಆಗಸ್ಟ್ 29ಕ್ಕೆ ಅಲ್ಲಿ ಧ್ವಜ ಏರುತ್ತದೆ. ಕಾವೇರಿ ಗಲಾಟೆ ಜೋರಾಗುವುದೂ ಬಹುತೇಕ ಅದೇ ದಿನಗಳಲ್ಲಿ. ತಂಜಾವೂರು ದಾಟಿ ನಾಗಪಟ್ಟಿಣದ ಕಡೆಗೆ ಹೋಗುವಾಗ ಎರಡು ಪಕ್ಕದಲ್ಲೂ ಕಾಣುವುದು ನಮ್ಮ ನದಿಯ ಕೊನೆಯ ಬಯಲು. ಜಪಸರ ಹಿಡಿದು, ಕಿಟಕಿಯಾಚೆ ನೋಡುತ್ತಾ, ಆ ನೆಲದ ತಾಯಿಯ ಬಳಿ ನಮ್ಮ ಮಕ್ಕಳ ಆರೋಗ್ಯ ಬೇಡಲು ಹೋಗುತ್ತೇವೆ.

ಕಾಣಿಕೆ ಹಿಡಿದು ಪೀಠದ ಬಳಿ ನಿಂತಾಗ ಸಹೋದರನ ನೆನಪಾದರೆ ಮೊದಲು ಹೋಗಿ ಅವನೊಡನೆ ಒಂದಾಗು ಎಂದು ಪ್ರಭು ಹೇಳಿದ್ದು ನಮಗೆಲ್ಲ ಬಾಯಿಪಾಠ. ಆದರೆ ಗಮನಿಸಿ, ನಿನಗೆ ಅವನ ಮೇಲೆ ಕೋಪವಿದ್ದರೆ ಎಂದು ಅವರು ಹೇಳಲಿಲ್ಲ. ಅವನಿಗೆ ನಿನ್ನ ಮೇಲೆ ದೂರಿದ್ದರೆ ಎಂದರು. ನನ್ನದು ತಪ್ಪೇ ಅಲ್ಲದಿರಬಹುದು. ಆದರೂ ಎದ್ದು ಹೋಗಬೇಕಾದವನು ನಾನು.

ಆ ವರ್ಷ ಕ್ರಿಸ್ಮಸ್ ದಿನ ಮಾಮ ತಟ್ಟೆಯಲ್ಲಿ ಕಜ್ಜಾಯ ಹಿಡಿದು ನಮ್ಮ ಮನೆಗೆ ಬಂದರು. ಟೀ ಅಂಗಡಿಯ ಮುಂದೆ ನಾನು ಹೇಳಿದ ಮಾತು ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ. ಅಂದು ಕುಳಿತವರು ತಂಜಾವೂರಿನ ಹತ್ತಿರ ತಮ್ಮನ ಗದ್ದೆ ಒಣಗುವುದನ್ನು ಹೇಳತೊಡಗಿದರು. ನಮ್ಮ ತಾಯಿ ಮಂಡ್ಯದ ಕಬ್ಬು ಒಣಗುವುದನ್ನು ಹೇಳಿದರು. ದನಿ ಏರಿತು. ಕಾಫಿ ಆರಿಹೋಯಿತು. ನಮ್ಮ ತಾಯಿ ಎದ್ದು ಅದನ್ನು ಬಿಸಿ ಮಾಡಿ ತಂದುಕೊಟ್ಟು, ವಾದ ಮುಂದುವರಿಸಿದರು.