ಸಾಲ ತೀರಿಸಲಾರದವನ ಅರ್ಜಿ

ಸಾಲ ತೀರಿಸಲಾರದೆ ಸೋತ ವಿಶ್ವಾಸಿಯು ನ್ಯಾಯಾಲಯಕ್ಕೆ ಹೋಗಿ, ತನ್ನನ್ನು ದಿವಾಳಿಯೆಂದು ತೀರ್ಮಾನಿಸಬೇಕೆಂದು ಅರ್ಜಿ ಕೊಡುವದು ಪಾಪವೋ? ಇದನ್ನು ನಮ್ಮ ಸಭೆಗಳಲ್ಲಿ ಬಾಯಿಬಿಟ್ಟು ಕೇಳುವವರು ಕೊಂಚ. ಮನಸ್ಸಿನೊಳಗೆ ಕೇಳಿಕೊಳ್ಳುವವರು ಬಹಳ. ಮಳೆ ತಪ್ಪುವದು, ಕೊಳವೆಬಾವಿ ಬತ್ತುವದು, ಮನೆಯಲ್ಲಿ ರೋಗ ಹೊಕ್ಕುವದು. ಬಡ್ಡಿಯು ಮಾತ್ರ ಯಾವದಕ್ಕೂ ನಿಲ್ಲದೆ ಬೆಳೆಯುವದು. ಪಾಪರಾದನೆಂಬ ಹೀಯಾಳಿಕೆಗೆ ಅಂಜಿ ರಾತ್ರಿಯಲ್ಲಿ ಊರು ಬಿಟ್ಟವರುಂಟು, ಪ್ರಾಣವನ್ನೇ ಕಳಕೊಂಡವರೂ ಉಂಟು. ಆದದರಿಂದ ಇದನ್ನು ದೇವರ ವಾಕ್ಯದ ಬೆಳಕಿನಲ್ಲಿ ವಿಚಾರಿಸುವದು ಅಗತ್ಯ.

ಇದಕ್ಕೆ ವಿರೋಧವಾಗಿ ಎರಡು ಮಾತುಗಳನ್ನು ಹೇಳುವದುಂಟು. ಸಾಲ ತಕ್ಕೊಂಡು ತೀರಿಸದವನನ್ನು 37ನೆಯ ಕೀರ್ತನೆಯು ದುಷ್ಟನೆಂದು ಕರೆಯುತ್ತದೆಂಬದು ಒಂದು; ವಿಶ್ವಾಸಿಗಳು ನ್ಯಾಯಾಲಯ ಹತ್ತುವದನ್ನು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಖಂಡಿಸಿದನೆಂಬದು ಮತ್ತೊಂದು. ಆದರೆ ಇದ್ದೂ ಕೊಡದವನು ಬೇರೆ, ಇಲ್ಲದೆ ಕೊಡಲಾರದವನು ಬೇರೆ. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ಸಹ 1980ರಲ್ಲಿ ಈ ಭೇದವನ್ನೇ ಎತ್ತಿಹಿಡಿದು, ಬಡತನದಿಂದ ಸಾಲ ತೀರಿಸಲಾರದವನನ್ನು ಆ ಒಂದೇ ಕಾರಣಕ್ಕೆ ಸೆರೆಗೆ ಹಾಕಕೂಡದೆಂದು ತೀರ್ಪು ಕೊಟ್ಟಿತು. ಇನ್ನು ಪೌಲನು ಖಂಡಿಸಿದ್ದು ಸಹೋದರನ ಮೇಲೆ ವ್ಯಾಜ್ಯ ಹೂಡುವದನ್ನು. ದಿವಾಳಿಯ ಅರ್ಜಿ ಕೊಡುವವನೋ ಯಾರ ಮೇಲೂ ದೂರು ಹೇಳುವದಿಲ್ಲ. ತನ್ನ ಲೆಕ್ಕವನ್ನೇ ಬಿಚ್ಚಿಡುತ್ತಾನೆ.

ಹಾಗಾದರೆ ಪಾಪವು ಎಲ್ಲಿ ಅಡಗಿರುವದು? ಅರ್ಜಿಯಲ್ಲಿ ಅಲ್ಲ, ಅರ್ಜಿಯೊಳಗಿನ ಸುಳ್ಳಿನಲ್ಲಿ. 1920ರ ಪ್ರಾಂತೀಯ ದಿವಾಳಿತನದ ಕಾಯಿದೆಯು ಅರ್ಜಿದಾರನಿಂದ ಕೇಳುವದೇನಂದರೆ: ಸಾಲ ಕೊಟ್ಟವರೆಲ್ಲರ ಹೆಸರು, ಅವರ ವಾಸಸ್ಥಳ, ಒಬ್ಬೊಬ್ಬರಿಗೆ ಸಲ್ಲಬೇಕಾದ ಹಣ, ತನಗಿರುವ ಸೊತ್ತಿನ ವಿವರ ಮತ್ತು ಬೆಲೆ, ಆ ಸೊತ್ತನ್ನು ನ್ಯಾಯಾಲಯದ ಕೈಗೆ ಒಪ್ಪಿಸುವೆನೆಂಬ ಹೇಳಿಕೆ. ದಿವಾಳಿಯೆಂದು ತೀರ್ಮಾನವಾದ ಮೇಲೆ ಅದನ್ನು ಸಾಲಗಾರರಿಗೆ ಹಂಚುವರು. ಅಡಮಾನ ಪಡೆದವನ ಹಕ್ಕು ಹಾಗೆಯೇ ಉಳಿಯುವದು. ಉಳಿದವರು ನ್ಯಾಯಾಲಯದ ಅಪ್ಪಣೆಯಿಲ್ಲದೆ ಅವನ ಮೇಲೆ ದಾವೆ ಹೂಡಲಾರರು. ಆದರೂ ಎಲ್ಲವನ್ನೂ ಕಸಕೊಳ್ಳುವದಿಲ್ಲ. ಅಡಿಗೆಯ ಪಾತ್ರೆ, ಉಡುವ ಬಟ್ಟೆ, ಕಸಬಿನ ಉಪಕರಣ, ರೈತನ ಜೀವನಕ್ಕೆ ಬೇಕಾದ ನೇಗಿಲು, ಎತ್ತು, ಬಿತ್ತನೆಯ ಕಾಳು ಇವುಗಳನ್ನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯು ಜಪ್ತಿಯಿಂದ ಉಳಿಸುತ್ತದೆ. ಬೀಸುವ ಕಲ್ಲನ್ನು ಒತ್ತೆಯಾಗಿ ತಕ್ಕೊಳ್ಳಬಾರದೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸಿದ್ದನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ.

ಈ ಅರ್ಜಿಯನ್ನು ವಕೀಲನ ಮೂಲಕವೇ ಕೊಡಬೇಕೆಂಬ ನಿಬಂಧನೆಯಿಲ್ಲ; ಸಾಲದವನು ತಾನೇ ನಿಂತು ಕೊಡಬಹುದು. ಬಾಯಿಯನ್ನು ಬಾಡಿಗೆಗೆ ತರಬಹುದು, ಲೆಕ್ಕವನ್ನು ಬಾಡಿಗೆಗೆ ತರಲಾಗದು. ಯಾರಿಗೆಷ್ಟು ಕೊಡಬೇಕು, ಎಲ್ಲಿ ಏನನ್ನು ಇಟ್ಟಿದ್ದೇನೆ ಎಂಬದು ಅವನೊಬ್ಬನಿಗೇ ಗೊತ್ತು. ಆದರೂ ಹಟದಿಂದ ಒಂಟಿಯಾಗಿ ಹೋಗತಕ್ಕದ್ದಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಸ್ತ್ರೀಯರಿಗೂ ನಿಯಮಿಸಿದ ಮಿತಿಗಿಂತ ಕಡಿಮೆ ಆದಾಯವಿರುವವರಿಗೂ ವಕೀಲನ ಸಹಾಯವು ಉಚಿತವಾಗಿ ದೊರೆಯುವದು. ತಾಲೂಕಿನ ಕಾನೂನು ಸೇವಾ ಸಮಿತಿಯಲ್ಲಾಗಲಿ 15100 ಎಂಬ ದೂರವಾಣಿಯಲ್ಲಾಗಲಿ ವಿಚಾರಿಸಬಹುದು. ಬಡತನದಿಂದ ವಕೀಲನಿಲ್ಲದೆ ನಿಲ್ಲುವದು ನಾಚಿಕೆಯಲ್ಲ. ಯಾರಾದರೂ ಕೆದಕಿ ಕೇಳಿಯಾರೆಂದು ಒಂಟಿಯಾಗಿ ನಿಲ್ಲುವದು ನಾಚಿಕೆ.

ಇಲ್ಲಿಯೇ ಶೋಧನೆ ಬರುವದು. ಹಸುವನ್ನು ತಮ್ಮನ ಕೊಟ್ಟಿಗೆಯಲ್ಲಿ ಕಟ್ಟಿ, ಇಲ್ಲವೆಂದು ಬರೆದುಕೊಡುವದು ಕಳ್ಳತನವೆಂದು ಎಲ್ಲರೂ ಒಪ್ಪುವರು; ಕಾಯಿದೆಯೂ ಅದಕ್ಕೆ ಸೆರೆಮನೆಯ ಶಿಕ್ಷೆ ಇಟ್ಟಿದೆ. ಆದರೆ ಅರ್ಜಿಗೆ ಮುಂಚೆ ಕೈಯಲ್ಲಿದ್ದ ಕೊನೆಯ ಹಣವನ್ನು ಭಾವಮೈದುನನಿಗೆ ಕೊಟ್ಟು ಅವನ ಸಾಲವೊಂದನ್ನೇ ತೀರಿಸಿದರೆ? ಅವನಿಗೂ ಸಲ್ಲಬೇಕಾದದ್ದೇ ಅಲ್ಲವೇ, ಸ್ವಂತದವರನ್ನು ಮೊದಲು ನೋಡುವದು ತಪ್ಪೇ ಎಂದು ಮನಸ್ಸು ವಾದಿಸುವದು. ಅರ್ಜಿಯ ಹಿಂದಿನ ಮೂರು ತಿಂಗಳೊಳಗೆ ಒಬ್ಬನಿಗೆ ಮೇಲುಗೈ ಮಾಡಿಕೊಡಲಿಕ್ಕೆ ಹೀಗೆ ಕೊಟ್ಟದ್ದನ್ನು ಕಾಯಿದೆಯು ರದ್ದುಮಾಡುತ್ತದೆ. ಅದು ನ್ಯಾಯವೇ ಸರಿ. ಯಾಕಂದರೆ ಎಲ್ಲರಿಗೂ ಸಾಲದಷ್ಟು ಹಣವಿರುವಾಗ ಒಬ್ಬನಿಗೆ ಪೂರ್ತಿ ಕೊಡುವದೆಂದರೆ ಉಳಿದವರ ಪಾಲಿನಿಂದ ಕೊಡುವದು. ಕೈಸಾಲ ಕೊಟ್ಟ ವಿಧವೆಯ ಹಣದಿಂದ ಭಾವಮೈದುನನಿಗೆ ಪ್ರೀತಿ ತೋರಿಸಿದ ಹಾಗಾಯಿತು. ಪರರ ಹಣದಿಂದ ತೋರಿಸಿದ ಪ್ರೀತಿಯು ಪ್ರೀತಿಯಲ್ಲ.

ಕಡೆಗೆ ನ್ಯಾಯಾಲಯವು ಬಿಡುಗಡೆ ಕೊಡಬಹುದು. ಅದನ್ನೂ ಸುಮ್ಮನೆ ಕೊಡದು. ಸೊತ್ತು ಸಾಲದ ರೂಪಾಯಿಗೆ ಎಂಟಾಣೆಯಷ್ಟೂ ಬಾರದಿದ್ದರೆ, ಅದು ತನ್ನ ತಪ್ಪಿನಿಂದಾದದ್ದಲ್ಲವೆಂದು ಅವನು ತೋರಿಸಬೇಕು. ಜೂಜು, ದುಂದುವೆಚ್ಚ ಇವುಗಳನ್ನು ಗಮನಿಸುವರು. ಸರಕಾರಕ್ಕೆ ಸಲ್ಲಬೇಕಾದದ್ದೂ ಮೋಸದಿಂದಾದ ಸಾಲವೂ ಹೋಗುವದಿಲ್ಲ. ಬಿಡುಗಡೆಯಾದವನ ಮನಸ್ಸಾಕ್ಷಿಯು ಏನು ಹೇಳಬೇಕು? ಎಲೀಷನ ಕಾಲದ ವಿಧವೆಯು ಎಣ್ಣೆ ದೊರೆತಾಗ ಮೊದಲು ಸಾಲ ತೀರಿಸಿ, ಮಿಕ್ಕದ್ದರಿಂದ ಮಕ್ಕಳೊಡನೆ ಬದುಕಬೇಕೆಂಬ ಅಪ್ಪಣೆ ಹೊಂದಿದಳು. ಹಾಗೆಯೇ ಮುಂದೆ ದೇವರು ಕೈತುಂಬ ಕೊಟ್ಟರೆ, ಕಾಯಿದೆ ಕೇಳದಿದ್ದರೂ ಹಿಂದಿನ ಸಾಲಗಾರನ ಬಾಗಿಲಿಗೆ ಹೋಗುವದು ವಿಶ್ವಾಸಿಗೆ ಯೋಗ್ಯ. ಕಾಯಿದೆಯು ಒತ್ತಾಯವನ್ನು ತೆಗೆದುಹಾಕೀತು, ಕೃತಜ್ಞತೆಯನ್ನಲ್ಲ.

ಸಾಲ ಕೊಟ್ಟವರಿಗೂ ಒಂದು ಮಾತು. ದೊಡ್ಡ ಸಾಲವನ್ನು ಬಿಡಿಸಿಕೊಂಡು ಹೊರಟು, ಜೊತೆಯ ಆಳನ ಕುತ್ತಿಗೆ ಹಿಡಿದವನ ಸಾಮ್ಯವನ್ನು ಕರ್ತನು ನಮಗೋಸ್ಕರವೇ ಹೇಳಿದನು. ಏಳನೆಯ ವರುಷದಲ್ಲಿ ಸಾಲ ಬಿಡಬೇಕೆಂದು ಇಸ್ರಾಯೇಲಿಗೆ ವಿಧಿಸಿದವನೂ ಅದೇ ದೇವರು.

ಆದದರಿಂದ ಪ್ರಿಯರೇ, ಸಾಲದಲ್ಲಿ ಮುಳುಗಿದವನು ರಾತ್ರಿಯಲ್ಲಿ ಊರು ಬಿಡದಿರಲಿ, ಪ್ರಾಣಕ್ಕೆ ಕೈಹಾಕದಿರಲಿ. ಹಿರಿಯರಿಗೆ ತಿಳಿಸಲಿ, ಲೆಕ್ಕ ಬರೆಯಲಿ, ಹಗಲಿನಲ್ಲಿ ಹೋಗಿ ಅರ್ಜಿ ಕೊಡಲಿ. ಸಭೆಯವರೂ ಅವನನ್ನು ಹೀಯಾಳಿಸದೆ, ಭಾನುವಾರ ಎಂದಿನ ಸ್ಥಳದಲ್ಲಿಯೇ ಕೂರಿಸಿಕೊಳ್ಳಲಿ. ಏನೂ ಇಲ್ಲವೆಂದು ನಿಜವಾಗಿ ಹೇಳುವವನಿಗೆ ದೇವರ ಸನ್ನಿಧಿಯಲ್ಲಿ ಎಂದೂ ಬಾಗಿಲು ಮುಚ್ಚಿದ್ದಿಲ್ಲ.